ಯುರೋಪಿಯನ್ ಕಪ್‌ನ ಮೂಲಪುರುಷ ಗೇಬ್ರಿಯೆಲ್ ಹಾನೊ

ವಿಶ್ವಕಪ್ ಫುಟ್‌ಬಾಲ್‌ನ ಮೊದಲ ಟ್ರೋಫಿಗೆ ಜೂಲ್ಸ್ ರಿಮೆ ಅವರ ಹೆಸರನ್ನು ಇಡಲಾಗಿತ್ತು. ಯುರೋಪಿನ ರಾಷ್ಟ್ರಗಳ ಚಾಂಪಿಯನ್‌ಷಿಪ್ ಗೆಲ್ಲುವ ತಂಡದ ಕೈಗೆ ಇಂದಿಗೂ ಸಿಗುವುದು ಹೆನ್ರಿ ಡೆಲೊನೆ ಹೆಸರಿನ ಟ್ರೋಫಿ. ಇಬ್ಬರೂ ಫ್ರಾನ್ಸಿನವರು, ಇಬ್ಬರೂ ಕ್ರೀಡಾಡಳಿತದ ಉನ್ನತ ಪೀಠಗಳಲ್ಲಿ ಕುಳಿತವರು. ಇಂದು ಚಾಂಪಿಯನ್ಸ್ ಲೀಗ್ ಎಂದು ಕರೆಯಲಾಗುವ ಟೂರ್ನಿಯ ಕಪ್‌ಗೆ ಮಾತ್ರ ಯಾವ ವ್ಯಕ್ತಿಯ ಹೆಸರೂ ಅಂಟಿಕೊಂಡಿಲ್ಲ. ಅದನ್ನು ಕಲ್ಪಿಸಿದವರೂ ಫ್ರಾನ್ಸಿನವರೇ. ಆದರೆ ಅವರು ಪದಾಧಿಕಾರಿಯಲ್ಲ, ಪತ್ರಕರ್ತ. ಹೆಸರು ಗೇಬ್ರಿಯೆಲ್ ಹಾನೊ.

1889ರ ನವೆಂಬರ್ 6ರಂದು ಉತ್ತರ ಫ್ರಾನ್ಸಿನ ಅರಾಸ್ ಪಟ್ಟಣದಲ್ಲಿ ಹಾನೊ ಜನಿಸಿದರು. ಇಂಗ್ಲೆಂಡಿನಿಂದ ಕಡಲ್ಗಾಲುವೆ ದಾಟಿ ಬಂದ ಫುಟ್‌ಬಾಲ್ ಬೇಗನೆ ಬೇರುಬಿಟ್ಟ ಪ್ರದೇಶಗಳಲ್ಲಿ ಅದೂ ಒಂದು. ಟೂರ್ಕ್ವಾನ್ ನಗರದ ಕ್ಲಬ್‌ನಲ್ಲಿ ಅವರು ಆಟಗಾರರಾಗಿ ಬೆಳೆದರು. ಜರ್ಮನಿಯಲ್ಲಿದ್ದ ದಿನಗಳಲ್ಲಿ ಅಲ್ಲಿನ ಮ್ಯೂನ್‌ಸ್ಟರ್ ನಗರದ ಕ್ಲಬ್‌ಗೂ ಆಡಿದರು. ಗಡಿಯ ಆಚೆಗಿನವರೊಡನೆ ಆಡಿದ, ಗಡಿಯ ಆಚೆಗಿನವರ ಭಾಷೆ ಕಲಿತ ಈ ಅನುಭವವು ಮುಂದಿನ ಅವರ ಚಿಂತನೆಯ ಮೇಲೆ ಪ್ರಭಾವ ಬೀರದೆ ಇರಲಿಲ್ಲ ಎಂದು ಭಾವಿಸಲು ಅವಕಾಶವಿದೆ. 1908ರಿಂದ 1919ರವರೆಗಿನ ಅವಧಿಯಲ್ಲಿ ಅವರು ಫ್ರಾನ್ಸ್ ಪರವಾಗಿ 12 ಪಂದ್ಯಗಳನ್ನು ಆಡಿದರು. ಆ ನಡುವೆ ಬಂದ ಮೊದಲ ಮಹಾಯುದ್ಧ ಅವರ ಪೀಳಿಗೆಯ ಆಟಗಾರರ ಅತ್ಯುತ್ತಮ ವರ್ಷಗಳನ್ನು ನುಂಗಿಹಾಕಿತು. ಯುದ್ಧ ಮುಗಿದ ಮೇಲೆ ವಿಮಾನ ಅಪಘಾತವೊಂದರಲ್ಲಿ ಗಾಯಗೊಂಡ ಹಾನೊ ಆಟಕ್ಕೆ ವಿದಾಯ ಹೇಳಬೇಕಾಯಿತು. ಮೂವತ್ತರ ಹರೆಯದಲ್ಲಿ ಅವರು ಲೇಖನಿ ಹಿಡಿದರು.

ಆ ಲೇಖನಿ ಹರಿತವಾಗಿತ್ತು. ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸಿನಲ್ಲಿ ಫುಟ್‌ಬಾಲ್ ಹೆಸರಿಗೆ ಮಾತ್ರ ಹವ್ಯಾಸಿ ಆಟವಾಗಿತ್ತು. ಪ್ರತಿಭಾವಂತ ಆಟಗಾರರಿಗೆ ಕ್ಲಬ್‌ಗಳು ತೆರೆಮರೆಯಲ್ಲಿ ಹಣ ಕೊಡುತ್ತಿದ್ದುದು ಎಲ್ಲರಿಗೂ ತಿಳಿದಿದ್ದ ಗುಟ್ಟು. ಈ ಸೋಗಿಗಿಂತ ವೃತ್ತಿಪರತೆಯನ್ನು ನೇರವಾಗಿ ಒಪ್ಪಿಕೊಳ್ಳುವುದೇ ಲೇಸು ಎಂದು ಪಟ್ಟುಹಿಡಿದು ಬರೆದವರಲ್ಲಿ ಹಾನೊ ಪ್ರಮುಖರು. 1932ರಲ್ಲಿ ಫ್ರಾನ್ಸಿನ ವೃತ್ತಿಪರ ಲೀಗ್ ಆರಂಭವಾಯಿತು. ತರಬೇತುದಾರರಿಗೆ ಕ್ರಮಬದ್ಧ ಶಿಕ್ಷಣ ಇರಬೇಕು ಎಂಬುದು ಅವರು ಕೈಗೆತ್ತಿಕೊಂಡ ಮತ್ತೊಂದು ವಿಷಯ. ಅದನ್ನು ಬರೆದು ಸುಮ್ಮನಾಗದೆ ಆ ಶಿಬಿರಗಳನ್ನು ಕಟ್ಟುವ ಕೆಲಸದಲ್ಲೂ ತೊಡಗಿದರು.

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನ ರಾಷ್ಟ್ರೀಯ ತಂಡದ ಹೊಣೆಯೂ ಅವರ ಹೆಗಲೇರಿತು. ಹೀಗೆ ತಂಡವನ್ನು ನಡೆಸುವವರೂ ಅದರ ಆಟವನ್ನು ಪತ್ರಿಕೆಯಲ್ಲಿ ವಿಮರ್ಶಿಸುವವರೂ ಒಬ್ಬರೇ ಆದರು. ಇಂದಿನ ಕಣ್ಣಿಗೆ ಇದು ವಿಚಿತ್ರವೆನಿಸಬಹುದು. ಅಂದಿನ ಫ್ರಾನ್ಸಿನಲ್ಲಿ ಇದನ್ನು ಯಾರೂ ದೊಡ್ಡ ಅಪಚಾರವೆಂದು ಎಣಿಸಿದಂತೆ ಕಾಣುವುದಿಲ್ಲ. 1949ರ ಜೂನ್‌ನಲ್ಲಿ ಪ್ಯಾರಿಸ್ ಹೊರವಲಯದ ಕೊಲೊಂಬ್ ಮೈದಾನದಲ್ಲಿ ಸ್ಪೇನ್ ತಂಡ ಫ್ರಾನ್ಸನ್ನು 5-1ರಿಂದ ಸೋಲಿಸಿತು. ಆಗ ತರಬೇತುದಾರ ಹಾನೊ ರಾಜೀನಾಮೆ ಕೊಡಬೇಕೆಂದು ಪತ್ರಕರ್ತ ಹಾನೊ ತಮ್ಮದೇ ಪತ್ರಿಕೆಯಲ್ಲಿ ಹೆಸರಿಲ್ಲದೆ ಬರೆದರು ಎಂಬ ಸಂಗತಿ ಯುರೋಪಿನ ಕ್ರೀಡಾ ಪತ್ರಿಕೋದ್ಯಮದಲ್ಲಿ ಮನೆಮಾತಾಗಿದೆ. ಅವರು ಆ ಸಲಹೆಯನ್ನು ಪಾಲಿಸಿ ಹುದ್ದೆ ತೊರೆದರು.

ಆ ಪತ್ರಿಕೆಯ ಹೆಸರು 'ಲೆಕಿಪ್'. ಅದರ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗದು. ಅದರ ಪೂರ್ವಜ 'ಲೊಟೊ' ಎಂಬ ಪತ್ರಿಕೆ ಪ್ರತಿಸ್ಪರ್ಧಿಯನ್ನು ಹಿಂದಿಕ್ಕಿ ಪ್ರಸಾರ ಹೆಚ್ಚಿಸಿಕೊಳ್ಳಲು 1903ರಲ್ಲಿ ಹೂಡಿದ ಉಪಾಯವೇ ಟೂರ್ ಡಿ ಫ್ರಾನ್ಸ್ ಸೈಕಲ್ ಓಟ. ಜರ್ಮನ್ ಆಕ್ರಮಣದ ಕಾಲದಲ್ಲೂ ಪ್ರಕಟವಾಗುತ್ತಿದ್ದ ಕಾರಣಕ್ಕೆ 'ಲೊಟೊ' 1944ರಲ್ಲಿ ಮುಚ್ಚಿಹೋಯಿತು. 1946ರ ಫೆಬ್ರುವರಿಯಲ್ಲಿ ಜಾಕ್ ಗೊಡೆ ಅವರ ಮುಂದಾಳತ್ವದಲ್ಲಿ 'ಲೆಕಿಪ್' ಹುಟ್ಟಿತು. ಸುದ್ದಿಗಾಗಿ ಕಾಯುವ ಬದಲು ಸುದ್ದಿಯಾಗುವಂಥ ಸ್ಪರ್ಧೆಯನ್ನೇ ಸೃಷ್ಟಿಸುವುದು ಈ ಮನೆತನಕ್ಕೆ ಹೊಸದಾಗಿರಲಿಲ್ಲ. ಜುಲೈ ತಿಂಗಳನ್ನು ಸೈಕಲ್ ಓಟ ತುಂಬುತ್ತಿತ್ತು. ವಾರಾಂತ್ಯವನ್ನು ಲೀಗ್ ಪಂದ್ಯಗಳು ತುಂಬುತ್ತಿದ್ದವು. ಚಳಿಗಾಲದ ಬುಧವಾರ, ಗುರುವಾರಗಳ ಪುಟಗಳಿಗೆ ಏನು ಮಾಡುವುದು ಎಂಬುದು ಸಂಪಾದಕರ ನಿತ್ಯದ ತಲೆನೋವಾಗಿತ್ತು.

ಇಂಥ ಸಮಯದಲ್ಲಿ ಇಂಗ್ಲೆಂಡಿನಿಂದ ಒಂದು ಪಂದ್ಯದ ಸುದ್ದಿ ಬಂತು. 1954ರ ಡಿಸೆಂಬರ್ 13ರ ರಾತ್ರಿ ಮೊಲಿನ್ಯೂ ಮೈದಾನದ ಹೊನಲು ಬೆಳಕಿನಲ್ಲಿ ಇಂಗ್ಲೆಂಡಿನ ಚಾಂಪಿಯನ್ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಹಾಗೂ ಹಂಗೆರಿಯ ಹೊನ್ವೆಡ್ ತಂಡಗಳು ಮುಖಾಮುಖಿಯಾದವು. ಸುಮಾರು 55,000 ಜನ ನೆರೆದಿದ್ದರು. ದ್ವಿತೀಯಾರ್ಧವನ್ನು ಬಿಬಿಸಿ ದೂರದರ್ಶನ ನೇರ ಪ್ರಸಾರ ಮಾಡಿತು. ಇಂಗ್ಲೆಂಡಿಗೆ ಇದು ಕೇವಲ ಸ್ನೇಹಪಂದ್ಯವಾಗಿರಲಿಲ್ಲ. ಅದಕ್ಕೂ ಒಂದು ವರ್ಷದ ಹಿಂದೆ, 1953ರ ನವೆಂಬರ್‌ನಲ್ಲಿ, ಹಂಗೆರಿ ತಂಡವು ವೆಂಬ್ಲಿಯಲ್ಲಿಯೇ ಇಂಗ್ಲೆಂಡನ್ನು 6-3ರಿಂದ ಮಣಿಸಿತ್ತು. 1954ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಲ್ಲಿ 7-1ರಿಂದ ಧೂಳೀಪಟ ಮಾಡಿತ್ತು. ಆ ತಂಡದ ಫೆರೆಂಕ್ ಪುಶ್ಕಾಶ್, ಸಾಂಡೋರ್ ಕೋಚಿಶ್, ಯೋಜೆಫ್ ಬೋಜಿಕ್ ಮುಂತಾದವರೆಲ್ಲ ಹೊನ್ವೆಡ್ ಕ್ಲಬ್‌ನವರೇ.

ಹದಿನಾಲ್ಕು ನಿಮಿಷಗಳಲ್ಲಿ ಹೊನ್ವೆಡ್ 2-0ರ ಮುನ್ನಡೆ ಪಡೆಯಿತು. ಆದರೆ ಪಂದ್ಯಕ್ಕೆ ಮುನ್ನ ಮೈದಾನಕ್ಕೆ ಧಾರಾಳವಾಗಿ ನೀರು ಹಾಯಿಸುವಂತೆ ವುಲ್ವ್ಸ್ ವ್ಯವಸ್ಥಾಪಕ ಸ್ಟಾನ್ ಕಲ್ಲಿಸ್ ಏರ್ಪಾಡು ಮಾಡಿದ್ದರು. ಆಟ ಸಾಗಿದಂತೆ ಅಂಗಳ ಕೆಸರುಗದ್ದೆಯಾಯಿತು. ಚುಟುಕು ಪಾಸುಗಳ ಹಂಗೆರಿ ಶೈಲಿ ಕೆಸರಿನಲ್ಲಿ ಹೂತುಹೋಯಿತು. ಉದ್ದ ಹೊಡೆತಗಳ ವುಲ್ವ್ಸ್ ಮೇಲುಗೈ ಸಾಧಿಸಿತು. ಜಾನಿ ಹ್ಯಾನ್‌ಕಾಕ್ಸ್ ಪೆನಾಲ್ಟಿಯಿಂದ ಒಂದು ಗೋಲು, ರಾಯ್ ಸ್ವಿನ್‌ಬರ್ನ್ ಎರಡು ಗೋಲು ಗಳಿಸಿ 3-2ರ ಜಯ ತಂದುಕೊಟ್ಟರು. ಮರುದಿನ ಇಂಗ್ಲಿಷ್ ಪತ್ರಿಕೆಗಳು ಸಂಭ್ರಮದಲ್ಲಿ ವುಲ್ವ್ಸ್ ತಂಡವನ್ನು ವಿಶ್ವದ ಚಾಂಪಿಯನ್ ಎಂದೇ ಬಣ್ಣಿಸಿದವು.

ಆಗ ಹಾನೊ ಅವರಿಗೆ ಅರವತ್ತೈದು ವರ್ಷ. ಅವರು 'ಲೆಕಿಪ್' ಪುಟಗಳಲ್ಲಿ ಕೊಟ್ಟ ಉತ್ತರದಲ್ಲಿ ಆವೇಶವಿರಲಿಲ್ಲ, ಲೆಕ್ಕಾಚಾರವಿತ್ತು. ವುಲ್ವ್ಸ್ ಒಳ್ಳೆಯ ತಂಡವೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ತನ್ನ ಮನೆಯಂಗಳದಲ್ಲಿ ಗೆದ್ದ ಮಾತ್ರಕ್ಕೆ ಅಜೇಯವೆಂದು ಸಾರಿಕೊಳ್ಳುವುದು ತರವಲ್ಲ. ಅದು ಮಾಸ್ಕೊ, ಬುಡಾಪೆಸ್ಟ್‌ಗಳಿಗೆ ಹೋಗಿ ಆಡಬೇಕು. ಮಿಲಾನ್, ರಿಯಲ್ ಮ್ಯಾಡ್ರಿಡ್‌ನಂಥ ಕ್ಲಬ್‌ಗಳೂ ಇವೆ ಎಂಬುದನ್ನು ಮರೆಯಬಾರದು ಎಂಬುದು ಅವರ ವಾದದ ತಿರುಳು. ಹಾಗಾದರೆ ಶ್ರೇಷ್ಠರು ಯಾರೆಂದು ತೀರ್ಮಾನಿಸುವುದು ಹೇಗೆ? ಯುರೋಪಿನ ಕ್ಲಬ್‌ಗಳಿಗೇ ಒಂದು ಚಾಂಪಿಯನ್‌ಷಿಪ್ ಏರ್ಪಡಬೇಕು ಎಂದು ಅವರು ಸೂಚಿಸಿದರು. ಒಂದೆರಡು ದಿನಗಳಲ್ಲಿಯೇ ಪತ್ರಿಕೆ ಈ ಪ್ರಸ್ತಾಪವನ್ನು ಯೋಜನೆಯ ರೂಪದಲ್ಲಿ ಮುಂದಿಟ್ಟಿತು.

ಕಲ್ಪನೆ ಶೂನ್ಯದಿಂದ ಬಂದದ್ದಲ್ಲ. ಮಧ್ಯ ಯುರೋಪಿನ ಕ್ಲಬ್‌ಗಳಿಗಾಗಿ ಆಸ್ಟ್ರಿಯದ ಹ್ಯೂಗೊ ಮೈಸಲ್ ಅವರ ಪ್ರಯತ್ನದಿಂದ 1927ರಲ್ಲಿಯೇ ಮಿಟ್ರೊಪಾ ಕಪ್ ಆರಂಭವಾಗಿತ್ತು. ಸ್ಪೇನ್, ಇಟಲಿ, ಪೋರ್ಚುಗಲ್ ಹಾಗೂ ಫ್ರಾನ್ಸಿನ ಚಾಂಪಿಯನ್ನರು 1949ರಿಂದ ಲ್ಯಾಟಿನ್ ಕಪ್‌ಗಾಗಿ ಸೆಣಸುತ್ತಿದ್ದರು. 1948ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ದಕ್ಷಿಣ ಅಮೆರಿಕದ ಚಾಂಪಿಯನ್ನರ ಕೂಟವನ್ನು ಹಾನೊ ಅವರ ಕಿರಿಯ ಸಹೋದ್ಯೋಗಿ ಜಾಕ್ ಫೆರಾನ್ ವರದಿ ಮಾಡಿದ್ದರು. ಅಲ್ಲಿ ಸಾಧ್ಯವಾದದ್ದು ಯುರೋಪಿನಲ್ಲಿ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಪತ್ರಿಕಾ ಕಚೇರಿಯಲ್ಲಿ ಆಗಲೇ ಇತ್ತು. ಹಾನೊ ಮಾಡಿದ ಹೊಸತೆಂದರೆ ಎರಡು ಅಂಶಗಳನ್ನು ಬೆಸೆದದ್ದು. ಹೊನಲು ಬೆಳಕು ಹಾಗೂ ವಿಮಾನಯಾನ ಬಂದ ಮೇಲೆ ಕ್ಲಬ್‌ಗಳು ವಾರದ ನಡುವೆ ಪರದೇಶಕ್ಕೆ ಹೋಗಿ ಆಡಿ, ವಾರಾಂತ್ಯಕ್ಕೆ ತಮ್ಮ ಲೀಗ್‌ಗೆ ಮರಳಬಹುದಾಗಿತ್ತು. ಒಂದೇ ಊರಿನಲ್ಲಿ ಎಲ್ಲರನ್ನೂ ಕೂಡಿಹಾಕುವ ಕೂಟದ ಬದಲು ಪ್ರತಿ ತಂಡವೂ ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಅಂಗಳದಲ್ಲಿ ಆಡುವ ಪದ್ಧತಿ ಇದರಿಂದ ಸಾಧ್ಯವಾಯಿತು. ವುಲ್ವ್ಸ್ ಬುಡಾಪೆಸ್ಟ್‌ಗೆ ಹೋಗಲಿ ಎಂಬ ಮಾತು ನಿಯಮವಾಗಿ ಬದಲಾದದ್ದು ಹೀಗೆ.

ಆಡಳಿತಗಾರರು ಮಾತ್ರ ಉತ್ಸಾಹ ತೋರಲಿಲ್ಲ. ಯುರೋಪಿನ ಫುಟ್‌ಬಾಲ್ ಸಂಸ್ಥೆಗಳ ಒಕ್ಕೂಟವಾದ ಯುಇಎಫ್‌ಎ ಸ್ಥಾಪನೆಯಾದದ್ದು 1954ರ ಜೂನ್‌ನಲ್ಲಿ. ಹಸುಗೂಸಿನಂಥ ಆ ಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಹೆನ್ರಿ ಡೆಲೊನೆ ಅವರ ಕನಸು ರಾಷ್ಟ್ರೀಯ ತಂಡಗಳ ಟೂರ್ನಿಯಾಗಿತ್ತು. 1955ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಸೇರಿದ ಸಭೆಯ ಮುಂದೆ 'ಲೆಕಿಪ್' ತನ್ನ ಯೋಜನೆ ಇಟ್ಟಾಗ, ಕ್ಲಬ್‌ಗಳ ಸ್ಪರ್ಧೆ ನಡೆಸುವುದು ತನ್ನ ಕಾರ್ಯವ್ಯಾಪ್ತಿಗೆ ಬಾರದು ಎಂಬ ನಿಲುವನ್ನು ಯುಇಎಫ್‌ಎ ತಳೆಯಿತು. ಪತ್ರಿಕೆಯವರು ಕಾಯಲಿಲ್ಲ, ಕ್ಲಬ್‌ಗಳಿಗೆ ನೇರವಾಗಿ ಆಹ್ವಾನ ಕಳುಹಿಸಿದರು. ಏಪ್ರಿಲ್ 2 ಹಾಗೂ 3ರಂದು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಕ್ಲಬ್ ಪ್ರತಿನಿಧಿಗಳು ಸೇರಿದರು. ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಸ್ಯಾಂಟಿಯಾಗೊ ಬರ್ನಬ್ಯೂ, ಹಂಗೆರಿಯ ಗುಸ್ತಾವ್ ಶೆಬೆಶ್ ಆ ಸಭೆಯಲ್ಲಿದ್ದರು. ಫ್ರಾಂಕೊ ಆಳ್ವಿಕೆಯ ಸ್ಪೇನ್ ಹಾಗೂ ಕಮ್ಯುನಿಸ್ಟ್ ಹಂಗೆರಿಯ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕುಳಿತು ಪಂದ್ಯಗಳ ದಿನಾಂಕ ಚರ್ಚಿಸಿದ್ದು ಶೀತಲ ಸಮರದ ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ. ಫೆರಾನ್ ರೂಪಿಸಿದ ನಿಯಮಾವಳಿಯನ್ನು ಸಭೆ ಒಪ್ಪಿತು. ಮೊದಲ ಸುತ್ತಿನ ಜೋಡಿಗಳನ್ನು ಚೀಟಿ ಎತ್ತದೆ ಅಲ್ಲಿಯೇ ನಿರ್ಧರಿಸಲಾಯಿತು.

ಪತ್ರಿಕೆಯೊಂದು ಯುರೋಪಿನ ಫುಟ್‌ಬಾಲ್ ನಡೆಸುವ ಪರಿಸ್ಥಿತಿ ಎದುರಾದಾಗ ಆಡಳಿತಗಾರರು ಎಚ್ಚೆತ್ತರು. ಯುಇಎಫ್‌ಎ ಹೊಣೆ ಹೊರಬೇಕು, ಆಯಾ ರಾಷ್ಟ್ರೀಯ ಸಂಸ್ಥೆಗಳ ಒಪ್ಪಿಗೆ ಇರಬೇಕು ಎಂಬ ಷರತ್ತಿನ ಮೇಲೆ ಮೇ ತಿಂಗಳಲ್ಲಿ ಫಿಫಾ ಅನುಮತಿ ನೀಡಿತು. ಜೂನ್ 21ರಂದು ಯುಇಎಫ್‌ಎ ಟೂರ್ನಿಯನ್ನು ತನ್ನ ಕೈಗೆ ತೆಗೆದುಕೊಂಡಿತು. ಗೆದ್ದವರಿಗೆ ಕೊಡುವ ಕಪ್ ಮಾತ್ರ 'ಲೆಕಿಪ್'ನ ಕೊಡುಗೆಯಾಗಿಯೇ ಉಳಿಯಿತು. ಡಿಸೆಂಬರ್‌ನಲ್ಲಿ ಬರೆದ ಲೇಖನ ಆರು ತಿಂಗಳಲ್ಲಿ ಅಂತರರಾಷ್ಟ್ರೀಯ ಟೂರ್ನಿಯಾದ ಈ ವೇಗವನ್ನು ಇಂದಿನ ಸಮಿತಿಗಳ ಕಾಲದಲ್ಲಿ ಊಹಿಸುವುದೂ ಕಷ್ಟ.

1955ರ ಸೆಪ್ಟೆಂಬರ್ 4ರಂದು ಲಿಸ್ಬನ್‌ನಲ್ಲಿ ಸ್ಪೋರ್ಟಿಂಗ್ ಹಾಗೂ ಬೆಲ್‌ಗ್ರೇಡ್‌ನ ಪಾರ್ಟಿಜಾನ್ ತಂಡಗಳ ನಡುವೆ ಮೊದಲ ಪಂದ್ಯ ನಡೆದು 3-3ರಿಂದ ಸಮವಾಯಿತು. ಒಟ್ಟು 16 ಕ್ಲಬ್‌ಗಳು, 29 ಪಂದ್ಯಗಳು. ಮಾದರಿ ಸರಳ: ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸಿ ಹೆಚ್ಚು ಗಳಿಸಿದವರು ಮುಂದಿನ ಸುತ್ತಿಗೆ, ಸಮವಾದರೆ ಮತ್ತೊಂದು ಪಂದ್ಯ, ಫೈನಲ್ ಮಾತ್ರ ಒಂದೇ ಪಂದ್ಯ. ಚಾಂಪಿಯನ್ನರ ಕಪ್ ಎಂದು ಹೆಸರಿದ್ದರೂ ಆಡಿದವರೆಲ್ಲ ಚಾಂಪಿಯನ್ನರಾಗಿರಲಿಲ್ಲ. ಆಹ್ವಾನ ನೀಡುವಾಗ ಪತ್ರಿಕೆಯವರು ಜನಪ್ರಿಯತೆ, ಪ್ರತಿಷ್ಠೆಗಳನ್ನು ಕೂಡ ನೋಡಿದ್ದರು. ಪೋರ್ಚುಗಲ್‌ನಲ್ಲಿ ಆ ವರ್ಷ ಲೀಗ್ ಗೆದ್ದದ್ದು ಬೆನ್ಫಿಕಾ, ಆಡಿದ್ದು ಸ್ಪೋರ್ಟಿಂಗ್. ಸ್ಕಾಟ್ಲೆಂಡಿನ ಹಿಬರ್ನಿಯನ್ ತನ್ನ ಲೀಗ್‌ನಲ್ಲಿ ಐದನೆಯ ಸ್ಥಾನದಲ್ಲಿತ್ತು. ಇಂಗ್ಲೆಂಡಿನ ಹೊಸ ಚಾಂಪಿಯನ್ ಚೆಲ್ಸಿ ತಂಡವು ಅಲ್ಲಿನ ಲೀಗ್ ಆಡಳಿತದ ಒತ್ತಡಕ್ಕೆ ಮಣಿದು ಹಿಂದೆ ಸರಿಯಿತು. ಆ ಸ್ಥಾನ ಪೋಲೆಂಡಿನ ಗ್ವಾರ್ಡಿಯಾ ವಾರ್ಸಾ ಪಾಲಾಯಿತು. ಇಡೀ ಕಥೆಗೆ ಕಾರಣವಾದ ವುಲ್ವ್ಸ್ ಮತ್ತು ಹೊನ್ವೆಡ್ ಎರಡೂ ಮೊದಲ ಆವೃತ್ತಿಯಲ್ಲಿ ಇರಲಿಲ್ಲ! ಹಂಗೆರಿಯಿಂದ ಬಂದದ್ದು ವೊರೊಶ್ ಲೊಬೊಗೊ ಎಂದು ಆಗ ಕರೆಯಲಾಗುತ್ತಿದ್ದ ಎಂಟಿಕೆ ಕ್ಲಬ್.

ದೂರದ ಪ್ರವಾಸದ ಪರೀಕ್ಷೆ ಏನೆಂಬುದು ಆ ಮೊದಲ ಚಳಿಗಾಲದಲ್ಲಿಯೇ ಅನುಭವಕ್ಕೆ ಬಂತು. ಸ್ವೀಡನ್ನಿನ ಹಿಮದ ಕಾರಣದಿಂದ ಯುರ್ಗಾರ್ಡೆನ್ ತಂಡವು ಹಿಬರ್ನಿಯನ್ ವಿರುದ್ಧದ ತನ್ನ ತವರು ಪಂದ್ಯವನ್ನು ಸ್ಕಾಟ್ಲೆಂಡಿನಲ್ಲಿಯೇ ಆಡಬೇಕಾಯಿತು. ರಿಯಲ್ ಮ್ಯಾಡ್ರಿಡ್ 1955ರ ಕ್ರಿಸ್‌ಮಸ್ ದಿನ ಪಾರ್ಟಿಜಾನ್ ತಂಡವನ್ನು ತವರಿನಲ್ಲಿ 4-0ರಿಂದ ಸೋಲಿಸಿತು. ಆದರೆ ಜನವರಿಯಲ್ಲಿ ಬೆಲ್‌ಗ್ರೇಡ್‌ನ ಹಿಮದ ನಡುವೆ 0-3ರಿಂದ ಸೋತು, ಒಂದೇ ಗೋಲಿನ ಅಂತರದಿಂದ ಬಚಾವಾಯಿತು. ಮನೆಯಲ್ಲಿನ ಗೆಲುವು ಅರ್ಧ ಗೆಲುವು ಮಾತ್ರ ಎಂಬ ಹಾನೊ ಅವರ ವಾದಕ್ಕೆ ಇದಕ್ಕಿಂತ ಉತ್ತಮ ಪುರಾವೆ ಬೇಕಿರಲಿಲ್ಲ.

1956ರ ಜೂನ್ 13ರಂದು ಪ್ಯಾರಿಸ್ಸಿನ ಪಾರ್ಕ್ ಡೆ ಪ್ರಾನ್ಸ್ ಕ್ರೀಡಾಂಗಣದಲ್ಲಿ ಫೈನಲ್. ಎದುರಾದವರು ಫ್ರಾನ್ಸಿನ ರೀಮ್ಸ್ ಹಾಗೂ ರಿಯಲ್ ಮ್ಯಾಡ್ರಿಡ್. ಹತ್ತೇ ನಿಮಿಷಗಳಲ್ಲಿ ರೀಮ್ಸ್ 2-0ರಿಂದ ಮುಂದಿತ್ತು. ಮ್ಯಾಡ್ರಿಡ್ ಸಮ ಮಾಡಿಕೊಂಡ ಮೇಲೆ ಮಿಶೆಲ್ ಹಿಡಾಲ್ಗೊ ಅವರ ಗೋಲಿನಿಂದ ಮತ್ತೆ 3-2ರ ಮುನ್ನಡೆ. ಕೊನೆಗೆ ಹೆಕ್ಟರ್ ರಿಯಾಲ್ ಅವರ ಎರಡನೆಯ ಗೋಲು 4-3ರಿಂದ ಕಪ್ಪನ್ನು ಸ್ಪೇನಿಗೆ ಒಯ್ದಿತು. ಕಲ್ಪನೆ ಫ್ರಾನ್ಸಿನದು, ಕಪ್ ಫ್ರಾನ್ಸಿನದು, ಮೈದಾನವೂ ಫ್ರಾನ್ಸಿನದು; ಗೆಲುವು ಮಾತ್ರ ಪರರದು. ರೀಮ್ಸ್‌ನ ತಾರೆ ರೇಮಂಡ್ ಕೋಪಾ ಕೂಡ ಆ ಬೇಸಿಗೆಯಲ್ಲಿ ಮ್ಯಾಡ್ರಿಡ್ ಸೇರಿದರು. 1959ರ ಫೈನಲ್‌ನಲ್ಲಿ ಇದೇ ಎರಡು ತಂಡಗಳು ಮತ್ತೆ ಸೆಣಸಿದಾಗ ಕೋಪಾ ತಮ್ಮ ಹಳೆಯ ಕ್ಲಬ್‌ನ ಎದುರಾಳಿಯಾಗಿದ್ದರು. ರೀಮ್ಸ್ 0-2ರಿಂದ ಸೋತಿತು.

ಅದೇ 1956ರಲ್ಲಿ 'ಲೆಕಿಪ್'ನ ಸೋದರ ಪತ್ರಿಕೆ 'ಫ್ರಾನ್ಸ್ ಫುಟ್‌ಬಾಲ್' ವರ್ಷದ ಶ್ರೇಷ್ಠ ಆಟಗಾರನಿಗೆ ಬ್ಯಾಲನ್ ಡೋರ್ ಪ್ರಶಸ್ತಿ ಕೊಡಲು ಆರಂಭಿಸಿತು. ಅದರ ಹಿಂದೆಯೂ ಹಾನೊ ಇದ್ದರು. ಮೊದಲ ಪ್ರಶಸ್ತಿ ಇಂಗ್ಲೆಂಡಿನ ಸ್ಟಾನ್ಲಿ ಮ್ಯಾಥ್ಯೂಸ್ ಅವರಿಗೆ ಸಂದಿತು.

ಹೊನ್ವೆಡ್‌ಗೆ ಅವಕಾಶ ದೊರೆತದ್ದು ಎರಡನೆಯ ವರ್ಷ. ಆ ವೇಳೆಗೆ ಇತಿಹಾಸವೇ ಅಡ್ಡಬಂದಿತ್ತು. 1956ರ ಶರತ್ಕಾಲದಲ್ಲಿ ಹಂಗೆರಿಯ ದಂಗೆಯನ್ನು ಸೋವಿಯತ್ ಸೇನೆ ಹತ್ತಿಕ್ಕಿತು. ಪರದೇಶದಲ್ಲಿದ್ದ ಹೊನ್ವೆಡ್ ತನ್ನ ತವರು ಪಂದ್ಯವನ್ನು ಬುಡಾಪೆಸ್ಟ್ ಬದಲು ಬ್ರಸೆಲ್ಸ್‌ನಲ್ಲಿ ಆಡಿ, ಸ್ಪೇನಿನ ಅತ್ಲೆಟಿಕ್ ಬಿಲ್ಬಾವೊ ಎದುರು ಹೊರಬಿತ್ತು. ತಂಡ ಚದುರಿಹೋಯಿತು. ಪುಶ್ಕಾಶ್ ತಾಯ್ನಾಡಿಗೆ ಮರಳಲಿಲ್ಲ; 1958ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದರು. ವುಲ್ವ್ಸ್ ಯುರೋಪಿಯನ್ ಕಪ್ ಆಡಿದ್ದು 1958ರಲ್ಲಿ. ಜರ್ಮನಿಯ ಶಾಲ್ಕೆ ಎದುರು ಮೊದಲ ಹಣಾಹಣಿಯಲ್ಲಿಯೇ ಸೋತಿತು.

ಬುಧವಾರದ ಆಟಕ್ಕೆ ತೆತ್ತ ಬೆಲೆಯೂ ಇದೆ. ಲೀಗ್ ಆಡಳಿತದ ಅಸಮಾಧಾನ ಲೆಕ್ಕಿಸದೆ ಮ್ಯಾಂಚೆಸ್ಟರ್ ಯುನೈಟೆಡ್ ವ್ಯವಸ್ಥಾಪಕ ಮ್ಯಾಟ್ ಬಸ್ಬಿ 1956ರಿಂದ ತಮ್ಮ ಯುವ ತಂಡವನ್ನು ಯುರೋಪಿಗೆ ಕರೆದೊಯ್ದರು. 1958ರ ಫೆಬ್ರುವರಿ 6ರಂದು ಬೆಲ್‌ಗ್ರೇಡ್ ಪಂದ್ಯ ಮುಗಿಸಿ ಮರಳುವಾಗ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಅವರ ವಿಮಾನ ಅಪಘಾತಕ್ಕೀಡಾಯಿತು. ಎಂಟು ಆಟಗಾರರು ಸೇರಿ 23 ಮಂದಿ ಮೃತಪಟ್ಟರು. ಸತ್ತವರಲ್ಲಿ ಎಂಟು ಮಂದಿ ಪತ್ರಕರ್ತರು.

ಆದರೂ ಟೂರ್ನಿ ನಿಲ್ಲಲಿಲ್ಲ. ಮೊದಲ ಐದು ವರ್ಷವೂ ರಿಯಲ್ ಮ್ಯಾಡ್ರಿಡ್‌ನದೇ ದರ್ಬಾರು. 1960ರಲ್ಲಿ ಗ್ಲ್ಯಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ 1,27,000ಕ್ಕೂ ಹೆಚ್ಚು ಪ್ರೇಕ್ಷಕರ ಎದುರು ಅದು ಐಂಟ್ರಾಕ್ಟ್ ಫ್ರಾಂಕ್‌ಫರ್ಟ್ ತಂಡವನ್ನು 7-3ರಿಂದ ಸೋಲಿಸಿತು. ಪುಶ್ಕಾಶ್ ನಾಲ್ಕು, ಆಲ್ಫ್ರೆಡೊ ಡಿ ಸ್ಟೆಫಾನೊ ಮೂರು ಗೋಲು ಹೊಡೆದರು. 1968ರ ಮೇ 29ರಂದು ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 4-1ರಿಂದ ಬೆನ್ಫಿಕಾ ತಂಡವನ್ನು ಮಣಿಸಿ ಈ ಕಪ್ ಗೆದ್ದ ಮೊದಲ ಇಂಗ್ಲಿಷ್ ಕ್ಲಬ್ ಎನಿಸಿತು. ಆ ರಾತ್ರಿಯ ಆಟಗಾರರಲ್ಲಿ ಇಬ್ಬರು ಮ್ಯೂನಿಕ್‌ನಲ್ಲಿ ಬದುಕುಳಿದವರು. ಹಾನೊ ಕಂಡ ಕೊನೆಯ ಫೈನಲ್ ಅದೇ. ಆಗಸ್ಟ್ 10ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಅವರ ನಂತರ ಮಾದರಿ ಹಲವು ಬಾರಿ ಬದಲಾಯಿತು. ಗೋಲುಗಳು ಸಮವಾದಾಗ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಗಳಿಸಿದವರು ಮುಂದೆ ಹೋಗುವ ನಿಯಮ ಈ ಟೂರ್ನಿಗೆ 1967-68ರಲ್ಲಿ ಬಂತು; 2021ರಲ್ಲಿ ರದ್ದಾಯಿತು. 1991-92ರಲ್ಲಿ ಗುಂಪು ಹಂತ ಸೇರಿತು. 1992ರಲ್ಲಿ ಚಾಂಪಿಯನ್ಸ್ ಲೀಗ್ ಎಂಬ ಹೆಸರು ಬಂತು. 1997-98ರಿಂದ ಪ್ರಬಲ ದೇಶಗಳ ಎರಡನೆಯ ಸ್ಥಾನದ ತಂಡಗಳಿಗೂ, 1999ರಿಂದ ನಾಲ್ಕು ತಂಡಗಳವರೆಗೂ ಪ್ರವೇಶ ದೊರೆಯಿತು. ಹಳಬರು ಇದನ್ನು ಮೂಲ ಆಶಯಕ್ಕೆ ಬಗೆದ ದ್ರೋಹವೆಂದು ಹಳಿಯುವುದುಂಟು. ಐದನೆಯ ಸ್ಥಾನದ ಹಿಬರ್ನಿಯನ್ ಮೊದಲ ವರ್ಷವೇ ಸೆಮಿಫೈನಲ್ ಆಡಿತ್ತು ಎಂಬುದನ್ನು ನೆನೆದರೆ ಆ ದೂರಿನ ತೂಕ ಸ್ವಲ್ಪ ಇಳಿಯುತ್ತದೆ. ಅರ್ಹತೆ ಮುಖ್ಯವೋ ಪ್ರತಿಷ್ಠೆ ಮುಖ್ಯವೋ ಎಂಬ ಜಗಳ ಈ ಟೂರ್ನಿಯ ಹುಟ್ಟಿನೊಡನೆಯೇ ಬಂದದ್ದು. 2021ರ ಏಪ್ರಿಲ್‌ನಲ್ಲಿ 12 ಸಿರಿವಂತ ಕ್ಲಬ್‌ಗಳು ಪ್ರತ್ಯೇಕ ಸೂಪರ್ ಲೀಗ್ ಘೋಷಿಸಿದಾಗ ಅದು ಬೀದಿಗೂ ಬಂತು. ಸ್ಥಾಪಕ ಕ್ಲಬ್‌ಗಳಿಗೆ ಕಾಯಂ ಸ್ಥಾನ ಕೊಡುವ ಆ ಯೋಜನೆ ಅಭಿಮಾನಿಗಳ ಪ್ರತಿಭಟನೆಯ ಮುಂದೆ ಕೆಲವೇ ದಿನಗಳಲ್ಲಿ ಕುಸಿದುಬಿತ್ತು. ಪತ್ರಿಕೆಯ ಆಹ್ವಾನಪತ್ರಕ್ಕೂ ಕಾಯಂ ಹಕ್ಕುಪತ್ರಕ್ಕೂ ಇರುವ ಅಂತರವನ್ನು ಅವು ಗ್ರಹಿಸಿರಲಿಲ್ಲ.

2024-25ರಿಂದ ಗುಂಪುಗಳೂ ಇಲ್ಲ. 36 ತಂಡಗಳಿಗೆ ಒಂದೇ ಅಂಕಪಟ್ಟಿ. ಪ್ರತಿ ತಂಡಕ್ಕೂ ಎಂಟು ಬೇರೆ ಬೇರೆ ಎದುರಾಳಿಗಳು, ನಾಲ್ಕು ಪಂದ್ಯ ತವರಿನಲ್ಲಿ, ನಾಲ್ಕು ಹೊರಗೆ. ಮೊದಲ ಎಂಟು ತಂಡಗಳು ನೇರವಾಗಿ ಹದಿನಾರರ ಘಟ್ಟಕ್ಕೆ. ನಂತರದ ಹದಿನಾರು ತಂಡಗಳಿಗೆ ಪ್ಲೇಆಫ್. ಒಟ್ಟು ಪಂದ್ಯಗಳು 189. ಆದರೆ ಒಂದು ತಂಡ ತನ್ನ ಅಂಗಳದಲ್ಲಿ ಸೋಲಿಸಿದ ಎದುರಾಳಿಯ ಊರಿಗೂ ಹೋಗಿ ಉತ್ತರ ಕೊಡಬೇಕಾದ ಕಟ್ಟುಪಾಡು ಲೀಗ್ ಹಂತದಲ್ಲಿ ಈಗಿಲ್ಲ; ಅದು ನಾಕೌಟ್ ಸುತ್ತುಗಳಿಗೆ ಸೀಮಿತವಾಗಿದೆ.

ಫ್ರಾನ್ಸಿನ ಕ್ಲಬ್ ಒಂದು ಈ ಕಪ್ ಗೆಲ್ಲಲು 1993ರವರೆಗೆ ಕಾಯಬೇಕಾಯಿತು. ಮ್ಯೂನಿಕ್‌ನಲ್ಲಿ ಮಾರ್ಸೆ ತಂಡ ಮಿಲಾನ್ ವಿರುದ್ಧ 1-0ರಿಂದ ಗೆದ್ದಿತು. ಎರಡನೆಯ ಬಾರಿ ಗೆದ್ದದ್ದು ಪ್ಯಾರಿಸ್ ಸೇಂಟ್ ಜರ್ಮೇನ್. 2025ರ ಮೇ 31ರಂದು, ಅದೂ ಮ್ಯೂನಿಕ್‌ನಲ್ಲಿಯೇ, ಇಂಟರ್ ಎದುರು 5-0ರಿಂದ. ಆ ಕ್ಲಬ್‌ನ ತವರು ಮೈದಾನ, ಹೊಸದಾಗಿ ಕಟ್ಟಿದ ರೂಪದಲ್ಲಿ, ಪಾರ್ಕ್ ಡೆ ಪ್ರಾನ್ಸ್. ನಿಯಮಾವಳಿ ಬರೆದ ಫೆರಾನ್ ಮಾರ್ಸೆಯ ಗೆಲುವನ್ನು ಕಂಡರು. 2019ರ ಫೆಬ್ರುವರಿಯಲ್ಲಿ, 98ರ ವಯಸ್ಸಿನಲ್ಲಿ, ಅವರೂ ತೀರಿಕೊಂಡರು.